ನಾಲ್ಕು ನಿಘಂಟುಗಳ ಪಟ್ಟಣ

ಒಂದು ಪಟ್ಟಣವನ್ನು ನೋಡಲು ಹೊರಟವರು ಸಾಮಾನ್ಯವಾಗಿ ಕೈಯಲ್ಲೊಂದು ಪಟ್ಟಿಯನ್ನು ಹಿಡಿದಿರುತ್ತಾರೆ. ಇಂತಿಷ್ಟು ದೇವಾಲಯ, ಇಂತಿಷ್ಟು ಇಗರ್ಜಿ, ಒಂದು ಕೋಟೆ, ಸಂಜೆಗೆ ಸಮುದ್ರತೀರ. ಮಂಗಳೂರಿಗೂ ಅಂಥ ಪಟ್ಟಿಯುಂಟು; ಎರಡು ದಿನಗಳಲ್ಲಿ ಅದನ್ನು ಮುಗಿಸಿ ಊರಿಗೆ ಮರಳಬಹುದು. ಬಯಲುಸೀಮೆಯವನಾದ ನಾನು ಆ ಪಟ್ಟಣಕ್ಕೆ ಹಲವು ಸಲ ಹೋಗಿದ್ದೇನೆ. ಆದರೆ ನನ್ನನ್ನು ಅಲ್ಲಿಗೆ ಮೊದಲು ಸೆಳೆದದ್ದು ಕಟ್ಟಡವಲ್ಲ, ಒಂದು ಪುಸ್ತಕ. ಕನ್ನಡ ಅಧ್ಯಾಪಕನಾಗಿ ಮೂವತ್ತು ವರ್ಷಗಳಿಗೂ ಮಿಕ್ಕು ನಾನು ಯಾವ ಗ್ರಂಥದ ಋಣದಲ್ಲಿ ಬದುಕಿದೆನೋ ಆ ಗ್ರಂಥ, ಎಂದರೆ ಕಿಟ್ಟೆಲರ ನಿಘಂಟು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಶಬ್ದಗಳ ಆ ಮಹಾಕೋಶ ಕನ್ನಡದ್ದು. ಅದು ಅಚ್ಚಾದ ಊರಿನ ಮನೆಮಾತು ಮಾತ್ರ ಕನ್ನಡವಲ್ಲ.

ಈ ಸಂಗತಿ ನನ್ನನ್ನು ಬಹುಕಾಲ ಕಾಡಿದೆ. ಶೋಧಿಸುತ್ತ ಹೋದಂತೆ ಅದು ಇನ್ನೂ ವಿಸ್ತಾರವಾಯಿತು. 1872ರಲ್ಲಿ ಹರ್ಮನ್ ಗುಂಡರ್ಟ್ ಅವರ ಮಲಯಾಳ ನಿಘಂಟು, 1883ರಲ್ಲಿ ಆಂಜೆಲೊ ಮಾಫೆಯ್ ಅವರ ಕೊಂಕಣಿ ನಿಘಂಟು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರದು - ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ನಾಲ್ಕು ಭಾಷೆಗಳ ನಾಲ್ಕು ನಿಘಂಟುಗಳು ಈ ಒಂದೇ ಪಟ್ಟಣದಲ್ಲಿ ಅಚ್ಚಾದವು. ಅಂದಿನ ಮಂಗಳೂರು ದೊಡ್ಡ ರಾಜಧಾನಿಯಲ್ಲ, ವಿಶ್ವವಿದ್ಯಾನಿಲಯವಿದ್ದ ಸ್ಥಳವೂ ಅಲ್ಲ. ಮದರಾಸು ಪ್ರಾಂತ್ಯದ ಪಡುವಣ ಮೂಲೆಯಲ್ಲಿದ್ದ ಒಂದು ಜಿಲ್ಲಾ ಕೇಂದ್ರ. ಇಂಥ ಊರಿನಲ್ಲಿ ಇದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ಜತೆಗಿಟ್ಟುಕೊಂಡು ನೋಡಿದರೆ ಅಲ್ಲಿನ ದೇವಾಲಯವೂ ಮಸೀದಿಯೂ ಇಗರ್ಜಿಯೂ ಬಿಡಿಬಿಡಿ ದೃಶ್ಯಗಳಾಗಿ ಉಳಿಯದೆ ಒಂದೇ ಚರಿತ್ರೆಯ ಅಧ್ಯಾಯಗಳಾಗಿ ಕಾಣತೊಡಗುತ್ತವೆ. ಆ ದಾರಿಯಲ್ಲಿ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯಬೇಕೆಂಬುದು ಇಂದಿನ ನನ್ನ ಮಾತಿನ ಉದ್ದೇಶ.

ಮೊದಲು ಊರಿನ ಹೆಸರನ್ನೇ ನೋಡೋಣ. ಬೋಳಾರದ ಮಂಗಳಾದೇವಿಯಿಂದ ಮಂಗಳೂರು ಎಂಬ ಹೆಸರು ಬಂತೆಂಬುದು ಐತಿಹ್ಯ. ಕನ್ನಡದಲ್ಲಿ ಮಂಗಳೂರಾದ ಈ ಊರು ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಒಂದೇ ಬೀದಿಯಲ್ಲಿ ಅಂಗಡಿಯಿಟ್ಟುಕೊಂಡ ನಾಲ್ವರು ತಮ್ಮ ಊರನ್ನು ನಾಲ್ಕು ಹೆಸರಿನಿಂದ ಕರೆಯುತ್ತಾರೆ, ಮತ್ತು ಪ್ರತಿಯೊಬ್ಬನಿಗೂ ಉಳಿದ ಮೂರು ಹೆಸರುಗಳು ಗೊತ್ತಿರುತ್ತವೆ. ಕುಡ್ಲ ಎಂದರೆ ಕೂಡುವ ಸ್ಥಳ. ನೇತ್ರಾವತಿಯೂ ಗುರುಪುರ ನದಿಯೂ ಇಲ್ಲಿಯೇ ಒಟ್ಟುಗೂಡಿ ಸಮುದ್ರವನ್ನು ಸೇರುತ್ತವೆ. ಆ ಅಳಿವೆಯೇ ಬಂದರವಾಯಿತು. ಬಂದರವೇ ಪಟ್ಟಣವನ್ನು ಕಟ್ಟಿತು. ಘಟ್ಟದ ಮೆಣಸು, ಕರಾವಳಿಯ ಅಕ್ಕಿ ನದಿಗಳ ಮೇಲೆ ಇಳಿದು ಬಂದವು. ಅವನ್ನು ಕೊಳ್ಳಲು ಜನ ಕಡಲಿನಿಂದ ಬಂದರು.

ಕದ್ರಿಯ ಗುಡ್ಡದಿಂದ ಪ್ರಾರಂಭಿಸುವುದು ಉಚಿತ. ಅಲ್ಲಿನ ಮಂಜುನಾಥ ದೇವಾಲಯದಲ್ಲಿ ಮೂರು ಮುಖಗಳ, ಆರು ಕೈಗಳ ಒಂದು ಕಂಚಿನ ವಿಗ್ರಹವಿದೆ. ಅದರ ಪೀಠದ ಸಂಸ್ಕೃತ ಶಾಸನದಿಂದ ತಿಳಿಯುವುದೇನೆಂದರೆ, ಆಳುಪ ಅರಸನಾದ ಕುಂದವರ್ಮನು ಕ್ರಿ. ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿಸಿದನು. ವಿಹಾರ ಎಂಬ ಮಾತೂ ಲೋಕೇಶ್ವರ ಎಂಬ ಹೆಸರೂ ಬೌದ್ಧ ಸಂಪ್ರದಾಯವನ್ನು ಸೂಚಿಸುತ್ತವೆ. ಆ ಕಾಲದ ಕಂಚಿನ ಶಿಲ್ಪಗಳಲ್ಲಿ ಇದಕ್ಕೆ ಸರಿಸಾಟಿಯಾದವು ದಕ್ಷಿಣದಲ್ಲಿ ವಿರಳ. ಅದೇ ಗುಡ್ಡದ ಮೇಲೆ ನಾಥಪಂಥದ ಜೋಗಿಮಠವಿದೆ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ತ್ರ್ಯಂಬಕದಿಂದ ಕಾಲುನಡಿಗೆಯಲ್ಲಿ ಹೊರಟ ಜೋಗಿಗಳ ತಂಡ ಇಲ್ಲಿಗೆ ಬಂದು ಮಠಕ್ಕೆ ಹೊಸ ಅರಸನನ್ನು ಪಟ್ಟಕ್ಕೇರಿಸುತ್ತದೆ. ಬೌದ್ಧ ವಿಹಾರ, ನಾಥರ ಮಠ, ಶಿವಾಲಯ - ಇವು ಒಂದರ ಅನಂತರ ಒಂದು ಬಂದು ನಿಂತಾಗ ಇಲ್ಲಿ ಏನೇನು ವಾದಗಳು ನಡೆದಿರಬಹುದೆಂಬುದನ್ನು ನಾವು ಊಹಿಸಿಕೊಳ್ಳಬೇಕಷ್ಟೆ. ಲೋಕೇಶ್ವರನನ್ನು ಮಾತ್ರ ಯಾರೂ ಹೊರಗೆಸೆಯಲಿಲ್ಲ. ಸಾವಿರ ವರ್ಷಗಳ ಮೇಲೂ ಅವನು ಅದೇ ಗುಡ್ಡದಲ್ಲಿದ್ದಾನೆ.

ಗುಡ್ಡದಿಂದ ಇಳಿದು ಬಂದರಕ್ಕೆ ಬರೋಣ. ಹಳೆಯ ಬಂದರದ ಓಣಿಗಳಲ್ಲಿ ಮಂಡಿಗಳು, ಉಗ್ರಾಣಗಳು, ಒಣಮೀನಿನ ವಾಸನೆ. ದಡದಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು. ಇಲ್ಲಿ ನಿಂತಾಗ ನನಗೆ ಸದಾ ನೆನಪಾಗುವುದು ಹನ್ನೆರಡನೆಯ ಶತಮಾನದ ಒಬ್ಬ ಯೆಹೂದಿ ವರ್ತಕ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣದಲ್ಲಿ ಹುಟ್ಟಿ, ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು, 1132ರಿಂದ 1149ರವರೆಗೆ ಸುಮಾರು ಹದಿನೇಳು ವರ್ಷ ಮಲಬಾರು ತೀರದಲ್ಲಿ ನೆಲಸಿದವನು. ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳನ್ನು ಪಶ್ಚಿಮಕ್ಕೆ ಕಳುಹಿಸುತ್ತಿದ್ದನು. ಕಂಚಿನ ಪಾತ್ರೆಗಳನ್ನು ಎರಕ ಹೊಯ್ಯಿಸುವ ಕಾರ್ಖಾನೆಯೊಂದನ್ನೂ ಇಟ್ಟಿದ್ದನು. ಅವನಿಗೆ ಇಲ್ಲಿ ಸಿಗದಿದ್ದ ವಸ್ತು ಕಾಗದ. ಏಡನ್ನಿನ ಗೆಳೆಯರು ಅದನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಬಂದ ಪತ್ರಗಳ ಹಿಂಬದಿಯನ್ನೂ ಬಿಡದೆ ಅವನು ಲೆಕ್ಕಪತ್ರ, ಕವಿತೆ ಎಲ್ಲವನ್ನೂ ಬರೆದುಕೊಂಡನು. ಕೈರೋ ಬಳಿಯ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ರಾಶಿಬಿದ್ದಿದ್ದ ಕಾಗದಗಳ ನಡುವೆ ಅವನ ಪತ್ರಗಳು ದೊರೆತವು. ವಿದ್ವಾಂಸರಾದ ಗೋಯ್ಟೈನರು ಅವನ್ನು ಅಭ್ಯಸಿಸಿದರು. ಕಾದಂಬರಿಕಾರ ಅಮಿತಾವ್ ಘೋಷ್ 1992ರ ತಮ್ಮ ಗ್ರಂಥದಲ್ಲಿ ಅವನ ಕಥೆಯನ್ನು ಲೋಕಕ್ಕೆ ಪರಿಚಯಿಸಿದರು.

ಆ ಕಾಗದಗಳಲ್ಲಿ ನಮ್ಮ ಕಡೆಯ ಇಬ್ಬರ ಹೆಸರುಗಳಿವೆ. ಒಬ್ಬಳು ಅಶು. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಈಕೆಯನ್ನು ದಾಸ್ಯದಿಂದ ಬಿಡುಗಡೆ ಮಾಡಿ ಮಂಗಳೂರಿನಲ್ಲಿ ಪತ್ರ ಬರೆದುಕೊಟ್ಟನು. ಈಕೆಯೇ ಅವನ ಇಬ್ಬರು ಮಕ್ಕಳ ತಾಯಿಯೆಂದು ವಿದ್ವಾಂಸರ ಅಭಿಪ್ರಾಯ. ಇನ್ನೊಬ್ಬ ಅವನ ಆಳು. ಯಜಮಾನನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ನಡೆಸಿ ಬರುತ್ತಿದ್ದವನು. ಸ್ವರಾಕ್ಷರಗಳಿಲ್ಲದ ಲಿಪಿಯಲ್ಲಿದ್ದ ಅವನ ಹೆಸರನ್ನು ಹೇಗೆ ಓದಬೇಕೆಂಬುದೇ ಸಮಸ್ಯೆಯಾಗಿತ್ತು. ತುಳು ವಿದ್ವಾಂಸರಾದ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ಘೋಷರು ಅದನ್ನು ಬೊಮ್ಮ ಎಂದು ಗುರುತಿಸಿದರು. ಕೈರೋದ ಕೋಣೆಯಲ್ಲಿ ಎಂಟುನೂರು ವರ್ಷ ಮಲಗಿದ್ದ ಹೆಸರೊಂದು ತನ್ನ ಸರಿಯಾದ ಉಚ್ಚಾರವನ್ನು ಪಡೆಯಲು ತುಳುನಾಡಿನ ಒಬ್ಬ ವಿದ್ವಾಂಸನ ಭಾಷಾಜ್ಞಾನವೇ ಬೇಕಾಯಿತು.

ಬೆನ್ ಯಿಜು ಹೋದ ಎರಡು ಶತಮಾನಗಳ ಅನಂತರ, 1342ರ ಸುಮಾರಿಗೆ, ಮೊರಾಕೊ ದೇಶದ ಇಬ್ನ್ ಬತೂತ ಇಲ್ಲಿಗೆ ಬಂದನು. ಇಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರು ಪಟ್ಟಣದ ಪಕ್ಕದ ಕೇರಿಯಲ್ಲಿದ್ದಾರೆ, ಪಾರಸೀಕ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಹಡಗು ಕಟ್ಟುತ್ತಾರೆ, ಮೆಣಸು ಶುಂಠಿಗಳು ಹೇರಳವಾಗಿವೆ ಎಂದು ಅವನು ಬರೆಯುತ್ತಾನೆ. ಮುಂದುವರಿದು ಅವನು ಹೇಳುವ ಒಂದು ಮಾತನ್ನು ಮಂಗಳೂರಿನ ಚರಿತ್ರೆಯ ಕೀಲಿಕೈ ಎಂದೇ ನಾನು ತಿಳಿದಿದ್ದೇನೆ. ಈ ವರ್ತಕರಿಗೂ ಪಟ್ಟಣಿಗರಿಗೂ ಆಗಾಗ ಕಾಳಗ ನಡೆಯುವುದುಂಟು. ಅರಸನಿಗೆ ವರ್ತಕರು ಬೇಕಾಗಿರುವುದರಿಂದ ಅವನು ನಡುವೆ ನಿಂತು ರಾಜಿ ಮಾಡಿಸುತ್ತಾನೆ - ಇದು ಅವನ ಬರಹದ ತಾತ್ಪರ್ಯ.

ಕಡಲತೀರದ ಸಾಮರಸ್ಯವನ್ನು ಕುರಿತು ನಾವು ಆಡುವ ಮಾತುಗಳಲ್ಲಿ ಎಷ್ಟೋ ಸಲ ಸಕ್ಕರೆಯ ಪಾಕ ಹೆಚ್ಚಾಗಿರುತ್ತದೆ. ಬತೂತನ ವರದಿಯಲ್ಲಿ ಆ ಪಾಕವಿಲ್ಲ. ಜಗಳವಿತ್ತು, ಅಗತ್ಯವೂ ಇತ್ತು, ಅಗತ್ಯ ಜಗಳಕ್ಕಿಂತ ಬಲವಾಗಿತ್ತು. ಹೀಗೆ ಅಗತ್ಯದಿಂದ ಆರಂಭವಾದ ನೆರೆಹೊರೆ ತಲೆಮಾರುಗಳು ಉರುಳಿದಂತೆ ಬೇರೆ ಬಣ್ಣವನ್ನು ಪಡೆಯಿತು. ಬಂದರದ ಜೀನತ್ ಬಕ್ಷ್ ಮಸೀದಿಯನ್ನು ನೋಡಿ. ಮಾಲಿಕ್ ದೀನಾರರ ಕಾಲದ್ದೆಂದು ಅದರ ಐತಿಹ್ಯ. ಅರಬಸ್ಥಾನದ ನೆನಪನ್ನು ಹೊತ್ತ ಆ ಮಸೀದಿಯ ಒಳಗೆ ಇರುವುದು ನಮ್ಮ ಕರಾವಳಿಯ ಬಡಗಿಗಳ ಮರದ ಕೆತ್ತನೆ. ಮೂಲ್ಕಿಯ ಸಮೀಪದ ಬಪ್ಪನಾಡು ದುರ್ಗಾಪರಮೇಶ್ವರಿಯ ಸ್ಥಾನವನ್ನು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕನ ಹೆಸರಿಗೆ ಜೋಡಿಸುತ್ತಾರೆ. ಜಾತ್ರೆಯ ಪ್ರಸಾದ ಅವನ ಮನೆತನಕ್ಕೆ ಸಲ್ಲುವ ಪದ್ಧತಿ ಬೆಳೆದು ಬಂದಿದೆ. ಮೊಗವೀರರು ಆರಾಧಿಸುವ ಬಬ್ಬರ್ಯ ಎಂಬ ದೈವದ ತಂದೆ ಮುಸಲ್ಮಾನನೆಂದು ಪಾಡ್ದನಗಳು ಹೇಳುತ್ತವೆ. ಇಂಥ ಕಥೆಗಳನ್ನು ಇತಿಹಾಸವೆಂದು ಕೊಳ್ಳಬೇಕಾಗಿಲ್ಲ. ಆದರೆ ಇವನ್ನು ಕಟ್ಟಿ ಹಾಡಿದ ಜನ ನೆರೆಯವನನ್ನು ತಮ್ಮ ದೈವಗಳ ವಂಶಾವಳಿಯೊಳಗೆ ಸೇರಿಸಿಕೊಳ್ಳಲು ಹಿಂಜರಿಯಲಿಲ್ಲವೆಂಬುದು ಇತಿಹಾಸವೇ.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬಂದರು. 1526ರಲ್ಲಿ ಮಂಗಳೂರನ್ನು ಹಿಡಿದರು. ನದಿಯಾಚೆಯ ಉಳ್ಳಾಲದಲ್ಲಿ ಅಳಿಯಕಟ್ಟಿನ ಜೈನ ಮನೆತನವಾದ ಚೌಟರ ರಾಣಿ ಅಬ್ಬಕ್ಕ ಅವರನ್ನು ಎದುರಿಸಿ ನಿಂತ ಕಥೆ ನಿಮಗೆಲ್ಲ ತಿಳಿದದ್ದೇ. ನಾನು ಇಲ್ಲಿ ನೆನೆಯಲಿಚ್ಛಿಸುವುದು ಇನ್ನೊಂದು ಚಿತ್ರವನ್ನು. 1623ರಲ್ಲಿ ಈ ಕಡೆಗೆ ಬಂದ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ. ಸರಳವಾದ ಬಿಳಿಯ ಬಟ್ಟೆಯುಟ್ಟು, ಬರಿಗಾಲಿನಲ್ಲಿ ನಡೆಯುತ್ತ, ಕಾಲುವೆ ತೋಡುವ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಆ ರಾಣಿ. ಮೆಣಸಿನ ವ್ಯಾಪಾರದ ಲಾಭದ ಹಿಂದೆ ಈ ಕಾಲುವೆಗಳ, ಗದ್ದೆಗಳ ದುಡಿಮೆಯಿತ್ತೆಂಬುದನ್ನು ಈ ಚಿತ್ರ ನೆನಪಿಸುತ್ತದೆ.

ಅದೇ ಕಾಲದಲ್ಲಿ ಗೋವೆಯಿಂದ ಕೊಂಕಣಿಗರ ಗುಂಪುಗಳು ದಕ್ಷಿಣಕ್ಕೆ ಹರಿದು ಬಂದವು. ಕೆಲವರು ಮತಾಂತರಕ್ಕೆ ಅಂಜಿ ಬಂದ ಸಾರಸ್ವತರು. ಇನ್ನು ಕೆಲವರು ಆಗಲೇ ಕ್ರೈಸ್ತರಾಗಿದ್ದು ಕ್ಷಾಮ, ಯುದ್ಧಗಳಿಂದ ನೊಂದು ಬಂದವರು. ಯಾವ ಕಾರಣ ಅವರನ್ನು ಗೋವೆಯಲ್ಲಿ ಬೇರ್ಪಡಿಸಿತ್ತೋ ಅದನ್ನು ಹೊತ್ತುಕೊಂಡೇ ಇಬ್ಬರೂ ಮಂಗಳೂರಿನಲ್ಲಿ ಮತ್ತೆ ನೆರೆಯವರಾದರು; ಇಬ್ಬರ ಮನೆಯ ಮಾತೂ ಒಂದೇ. ರಥಬೀದಿಯ ವೆಂಕಟರಮಣ ದೇವಾಲಯವನ್ನೂ, 1568ರಲ್ಲಿ ಮೂಲಸ್ಥಾಪನೆಯಾದ ರೊಸಾರಿಯೊ ಇಗರ್ಜಿಯನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು. ಎರಡೂ ಕಡೆ ಅಜ್ಜಿಯರು ಮೊಮ್ಮಕ್ಕಳನ್ನು ಗದರಿಸುವ ಭಾಷೆ ಕೊಂಕಣಿ.

ಈ ಚರಿತ್ರೆಯಲ್ಲಿ ನೋವಿನ ಪುಟಗಳನ್ನು ಹಾರಿಸಿ ಓದಲಾಗದು. ಬೋಳೂರಿನಲ್ಲಿ ಗುರುಪುರ ನದಿಯ ದಡದ ಮೇಲೆ ಕಪ್ಪುಕಲ್ಲಿನ ಸಣ್ಣ ಕಾವಲುಕೋಟೆಯೊಂದಿದೆ. ಸುಲ್ತಾನ್ ಬತ್ತೇರಿ ಎಂದು ಅದರ ಹೆಸರು. ಶತ್ರುನೌಕೆಗಳು ನದಿಯೊಳಕ್ಕೆ ನುಗ್ಗದಂತೆ ಟಿಪ್ಪು ಸುಲ್ತಾನ ಅದನ್ನು ಕಟ್ಟಿಸಿದನು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಂದ ಮಂಗಳೂರನ್ನು ಮರಳಿ ಪಡೆದು, 1784ರ ಮಾರ್ಚ್ 11ರಂದು ಅವರೊಡನೆ ಇಲ್ಲಿಯೇ ಒಪ್ಪಂದ ಮಾಡಿಕೊಂಡನು. ಭಾರತದ ಅರಸನೊಬ್ಬನು ಕಂಪೆನಿಯವರೊಡನೆ ಸಮಬಲನಾಗಿ ಕುಳಿತು ಮಾಡಿದ ಕೊನೆಯ ಒಪ್ಪಂದಗಳಲ್ಲೊಂದೆಂದು ಅದನ್ನು ಎಣಿಸುತ್ತಾರೆ. ಅದೇ ವರ್ಷ ಇಲ್ಲಿನ ಕ್ಯಾಥೊಲಿಕ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಅವರನ್ನು ಸಾಮೂಹಿಕವಾಗಿ ಸೆರೆಹಿಡಿದು ಘಟ್ಟದ ಮೇಲಣ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯ ವಿಚಾರದಲ್ಲಿ ಆಧಾರಗಳು ಒಂದಕ್ಕೊಂದು ಹೊಂದುವುದಿಲ್ಲವಾದರೂ ಹತ್ತಾರು ಸಾವಿರ ಜನರೆಂಬುದರಲ್ಲಿ ಸಂದೇಹವಿಲ್ಲ. 1680ರಲ್ಲಿ ಸ್ಥಾಪನೆಯಾಗಿದ್ದ ಮಿಲಾಗ್ರಿಸ್ ಇಗರ್ಜಿಯೂ ಸೇರಿ ಹಲವು ಇಗರ್ಜಿಗಳು ನೆಲಸಮವಾದವು. ಬದುಕಿ ಉಳಿದವರು 1799ರ ಅನಂತರ ಮರಳಿ ಬಂದು ಬರಿಗೈಯಿಂದ ಸಂಸಾರ ಕಟ್ಟಿದರು. ಬಂದರದ ಮಸೀದಿಗೆ ಜೀನತ್ ಬಕ್ಷ್ ಎಂಬ ಹೆಸರು ಬಂದುದು ಟಿಪ್ಪುವಿನ ಮಗಳಿಂದ ಎನ್ನುತ್ತಾರೆ. ಹೀಗೆ ಒಬ್ಬನೇ ಅರಸನ ಎರಡು ನೆನಪುಗಳು ಅರ್ಧ ಹರಿದಾರಿಯ ಅಂತರದಲ್ಲಿ ಬದುಕಿವೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವನು ಮಾರ್ಗದರ್ಶಿಯಾಗಬಹುದು, ಚರಿತ್ರಕಾರನಾಗಲಾರ.

ಈಗ ನಿಘಂಟುಗಳ ಕಥೆಗೆ ಬರುತ್ತೇನೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ನಿಗೆ ಸೇರಿದ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಮತಪ್ರಚಾರವೇ ಅವರ ಉದ್ದೇಶ. ಅದನ್ನು ಅವರು ಮರೆಮಾಡಲಿಲ್ಲ. ಆದರೆ ಪ್ರಚಾರ ಮಾಡಲು ಜನರ ಮಾತು ಬರಬೇಕು. ಇಲ್ಲಿ ಯಾವ ಮಾತು? ಪೇಟೆಯಲ್ಲಿ ತುಳು, ರಥಬೀದಿಯಲ್ಲಿ ಕೊಂಕಣಿ, ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ, ದಕ್ಷಿಣಕ್ಕೆ ಹೋದರೆ ಮಲಯಾಳ. ವಿಜಯನಗರ ಮತ್ತು ಕೆಳದಿಯ ಕಾಲದಿಂದಲೂ ತುಳುನಾಡಿನ ಆಡಳಿತದ ಭಾಷೆ, ಶಾಸನಗಳ ಭಾಷೆ ಕನ್ನಡವೇ ಆಗಿತ್ತು. ತುಳುವರು ರಾತ್ರಿಯಿಡೀ ಕುಳಿತು ನೋಡುತ್ತಿದ್ದ ಯಕ್ಷಗಾನದ ಪದ್ಯಗಳೂ ಕನ್ನಡದವೇ. ಹೀಗಾಗಿ ಒಂದು ಭಾಷೆಯನ್ನು ಕಲಿತು ಸುಮ್ಮನಿರುವುದು ಇಲ್ಲಿ ಯಾರಿಗೂ ಸಾಧ್ಯವಿರಲಿಲ್ಲ, ಪಾದ್ರಿಗಳಿಗೂ ಅಲ್ಲ.

1841ರಲ್ಲಿ ಅವರು ಕಲ್ಲಚ್ಚಿನ ಮುದ್ರಣಾಲಯವೊಂದನ್ನು ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಟಿತು. ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಊರ ವರ್ತಮಾನ, ಸರಕಾರದ ನಿರೂಪ, ಅನ್ಯದೇಶಗಳ ಸುದ್ದಿ, ಕಥೆ ಇವೆಲ್ಲ ಅದರಲ್ಲಿದ್ದವು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ಆದರೂ ಜುಲೈ 1ನ್ನು ಪತ್ರಿಕಾ ದಿನವೆಂದು ನಾವು ಆಚರಿಸುವುದು ಈ ಪಟ್ಟಣದ ನೆನಪಿನಿಂದ. ಮೋಗ್ಲಿಂಗರು ಅಲ್ಲಿಗೆ ನಿಲ್ಲದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವನ್ನು ಓಲೆಗರಿಗಳಿಂದ ಹುಡುಕಿಸಿ ಅಚ್ಚು ಹಾಕಿಸಿದರು. ಕ್ರೈಸ್ತ ಪಾದ್ರಿಯೊಬ್ಬರು ಪುರಂದರದಾಸರ ಪದಗಳನ್ನು ಮುದ್ರಿಸಲು ಹೊರಟಾಗ ಅವರ ಮೇಲಿನವರಿಗೆ ಅದೊಂದು ಸಂತೋಷದ ಸಂಗತಿಯಾಗಿರಲಾರದು. ವೆಚ್ಚವನ್ನು ವಹಿಸಿಕೊಂಡವರು ಕೆಸಮಾಯೊರ್ ಎಂಬ ನಿವೃತ್ತ ನ್ಯಾಯಾಧೀಶರು.

ನಾಲ್ಕು ನಿಘಂಟುಗಳಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗ ಕೊಂಕಣಿಯದು. ಮಾಫೆಯ್ ಅವರು ಇಟಲಿಯ ಜೆಸುಯಿತ ಪಾದ್ರಿ, ರೋಮನ್ ಕ್ಯಾಥೊಲಿಕರು. ಬಾಸೆಲ್ ಮಿಶನ್ನಿನವರು ಪ್ರೊಟೆಸ್ಟಂಟರು. ಯುರೋಪಿನಲ್ಲಿ ಈ ಎರಡು ಪಂಗಡಗಳ ಜಗಳದಲ್ಲಿ ಹರಿದ ರಕ್ತಕ್ಕೆ ಲೆಕ್ಕವಿಲ್ಲ. ಮಂಗಳೂರಿನಲ್ಲಿಯೂ ಅವರು ಪ್ರತಿಸ್ಪರ್ಧಿಗಳೇ. ಆದರೆ ಜೆಸುಯಿತರ ಕೊಂಕಣಿ ನಿಘಂಟು ಅಚ್ಚಾದದ್ದು ಪ್ರೊಟೆಸ್ಟಂಟರ ಮುದ್ರಣಾಲಯದಲ್ಲಿ. ಅಲ್ಲಿ ಒಳ್ಳೆಯ ಮೊಳೆಗಳಿದ್ದವು, ಕೆಲಸ ಬಲ್ಲ ಮೊಳೆಜೋಡಿಸುವವರಿದ್ದರು. ಅಗತ್ಯ ಮತ್ತೊಮ್ಮೆ ಜಗಳಕ್ಕಿಂತ ಬಲವಾಯಿತು. ಬತೂತ ಕಂಡ ಮಂಗಳೂರೇ ಇದು. ಮೆಣಸಿನ ಸ್ಥಾನದಲ್ಲಿ ಶಬ್ದಗಳು ಬಂದಿದ್ದವು, ಅಷ್ಟೆ.

ಇದೆಲ್ಲ ಕೇವಲ ಪರದೇಶದವರ ಸಾಧನೆ ಎಂದು ತಿಳಿಯಬಾರದು. ಊರಿನ ಪಂಡಿತರು, ಶಾಲೆಯ ಮೇಷ್ಟ್ರುಗಳು, ಕೂಲಿಕಾರರು ಆಡಿದ ಮಾತೇ ಆ ಪುಟಗಳಲ್ಲಿರುವುದು. ಕಿಟ್ಟೆಲರ ನಿಘಂಟನ್ನು ಬಿಡಿಸಿದರೆ ಪಂಪನ ಪ್ರಯೋಗದ ಪಕ್ಕದಲ್ಲಿಯೇ ಹಳ್ಳಿಯ ಗಾದೆ ಇರುತ್ತದೆ. ಕನ್ನಡದ ಮಾತಿಗೆ ಎದುರಾಗಿ ತುಳು, ಮಲಯಾಳ, ತಮಿಳು, ತೆಲುಗುಗಳ ಸೋದರಶಬ್ದಗಳನ್ನು ಅವರು ಕೊಡುತ್ತಾರೆ. ಹೀಗೆ ಅಕ್ಕಪಕ್ಕದ ಭಾಷೆಗಳನ್ನು ಕಿವಿಯಲ್ಲಿಟ್ಟುಕೊಂಡು ಕನ್ನಡವನ್ನು ಅಳೆಯುವ ಅಭ್ಯಾಸಕ್ಕೆ ಕರಾವಳಿಯ ಈ ವಾತಾವರಣ ಒದಗಿಸಿದಷ್ಟು ಅನುಕೂಲವನ್ನು ಒಂದೇ ಭಾಷೆಯ ಊರು ಒದಗಿಸಲಾರದು ಎಂಬುದು ನನ್ನ ನಂಬಿಕೆ.

ಆ ಮಿಶನ್ನಿನವರ ಇನ್ನೊಂದು ಕೆಲಸವನ್ನು ನೀವು ತಲೆಯೆತ್ತಿದರೆ ಸಾಕು, ಕಾಣುವಿರಿ. ಮತಾಂತರ ಹೊಂದಿದವರಿಗೆ ಕುಲಕಸುಬೂ ಭೂಮಿಯೂ ತಪ್ಪಿಹೋಗುತ್ತಿದ್ದವು. ಅವರಿಗೆ ಜೀವನೋಪಾಯ ಬೇಕಿತ್ತು. ಅದಕ್ಕಾಗಿ ನೇಯ್ಗೆಯ ಕಾರ್ಖಾನೆಯನ್ನು ತೆರೆದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನದೀತೀರದ ಜೇಡಿಮಣ್ಣು, ದೋಣಿಯ ಸಾಗಾಟ, ಬಂದರದ ಸಾಮೀಪ್ಯ ಮೂರೂ ಕೂಡಿಬಂದವು. ಒಂದರ ಅಂಚು ಇನ್ನೊಂದರ ಅಂಚಿಗೆ ಕೊಂಡಿಯಂತೆ ಸಿಕ್ಕಿಕೊಳ್ಳುವ ಈ ಹಂಚು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿದ ಮಳೆಯನ್ನು ತಡೆಯಿತು. ಕೆಲವೇ ವರ್ಷಗಳಲ್ಲಿ ಊರಿನವರೂ ಕಾರ್ಖಾನೆಗಳನ್ನು ಹೂಡಿದರು. ಮಂಗಳೂರು ಹಂಚು ಎಂಬುದು ದೇಶವಿದೇಶಗಳಲ್ಲಿ ಮನೆಮಾತಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಕಾರಣದಿಂದ ಸರಕಾರ ಮಿಶನ್ನಿನ ಕೈಗಾರಿಕೆಗಳನ್ನು ವಶಪಡಿಸಿಕೊಂಡಿತು. ಹಂಚು ಮಾತ್ರ ಉಳಿಯಿತು; ದೇವಾಲಯ, ಮಸೀದಿ, ಇಗರ್ಜಿಗಳೆಂಬ ಭೇದವೆಣಿಸದೆ ಎಲ್ಲದರ ಮೇಲೂ ಅದೇ ಕೆಂಪು.

ಬಾವುಟಗುಡ್ಡದ ಸಮೀಪದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಎಲ್ಲರೂ ನೋಡುತ್ತಾರೆ, ನೋಡಲೇಬೇಕು. ಇಟಲಿಯ ಆಂತೋನಿಯೊ ಮೊಸ್ಕೇನಿ 1899ರಲ್ಲಿ ಬಂದು ಎರಡು ವರ್ಷಗಳ ದುಡಿಮೆಯಿಂದ ಅದರ ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಅಲ್ಲಿಂದ ಕುದ್ರೋಳಿಗೆ ಹೋದರೆ ಇನ್ನೊಂದು ಬಗೆಯ ಸಾಹಸವನ್ನು ಕಾಣಬಹುದು. ದೇವಾಲಯಗಳ ಬಾಗಿಲು ಬಿಲ್ಲವರಿಗೆ ಮುಚ್ಚಿದ್ದ ಕಾಲದಲ್ಲಿ, 1912ರಲ್ಲಿ, ಕೇರಳದ ನಾರಾಯಣ ಗುರುಗಳು ಬಂದು ಅಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಅದಕ್ಕೂ ಮುನ್ನ 1897ರಲ್ಲಿ ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾಯರು ಬಹಿಷ್ಕಾರವನ್ನು ಸಹಿಸಿಕೊಂಡು ದಲಿತರ ಶಿಕ್ಷಣಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದ್ದರು. ವಿವಿಧ ಜನರಿರುವ ಪಟ್ಟಣವೆಂದ ಮಾತ್ರಕ್ಕೆ ಎಲ್ಲರಿಗೂ ಸಮಾನ ಸ್ಥಳವಿತ್ತೆಂದು ಭ್ರಮಿಸಬಾರದೆಂಬುದಕ್ಕೆ ಈ ಇಬ್ಬರ ಬದುಕೇ ಸಾಕ್ಷಿ. ಬೇರೆ ದೇಶದ ವರ್ತಕನಿಗೆ ತೆರೆದಿದ್ದ ಬಾಗಿಲು ಪಕ್ಕದ ಕೇರಿಯವನಿಗೆ ಮುಚ್ಚಿತ್ತು. ನಾಲ್ಕು ನಿಘಂಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬ್ಯಾರಿಗಳ ನುಡಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ. ಕೊರಗರ ನುಡಿಗೂ ಇಲ್ಲ. ಕೊರಗ ಭಾಷೆಯನ್ನು ಕುರಿತ ಡಿ. ಎನ್. ಶಂಕರ ಭಟ್ಟರ ಶಾಸ್ತ್ರೀಯ ಗ್ರಂಥ ಬರುವುದಕ್ಕೆ 1971ರವರೆಗೆ ಕಾಯಬೇಕಾಯಿತು. ಬ್ಯಾರಿ ಭಾಷೆಯನ್ನು ಸುಶೀಲಾ ಉಪಾಧ್ಯಾಯರು ಸಂಶೋಧನೆಗೆ ಎತ್ತಿಕೊಂಡರು. 2007ರಲ್ಲಿ ಅದಕ್ಕೊಂದು ಅಕಾಡೆಮಿ ಸ್ಥಾಪನೆಯಾಯಿತು.

ಸಾಹಿತ್ಯಪ್ರಿಯರಾದ ನಿಮ್ಮ ಗಮನಕ್ಕೆ ಇನ್ನೊಂದು ಸಂಗತಿಯನ್ನು ತರುತ್ತೇನೆ. ಮಕ್ಕಳ ಬಾಯಿಗೆ ಕನ್ನಡ ಪದ್ಯವನ್ನು ಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡದ ಮೊದಲ ರಾಷ್ಟ್ರಕವಿ ಮಂಜೇಶ್ವರದ ಗೋವಿಂದ ಪೈಗಳದೂ ಕೊಂಕಣಿಯೇ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಪ್ರಕಟಿಸಿ ಮುಸಲ್ಮಾನ ಹೆಣ್ಣಿನ ಒಡಲಿನ ಸಂಕಟವನ್ನು ಕನ್ನಡಕ್ಕೆ ತಂದ ಸಾರಾ ಅಬೂಬಕ್ಕರ್ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದವರು, 2023ರಲ್ಲಿ ತೀರಿಕೊಂಡರು. ಕನ್ನಡ ಇವರಿಗೆಲ್ಲ ತೊಟ್ಟಿಲಿನಲ್ಲಿ ಬಂದ ಮಾತಲ್ಲ. ಚಾವಡಿಗೆ ಬಂದು ಕಲಿತ ಮಾತು. ತುಳು, ಕೊಂಕಣಿ, ಬ್ಯಾರಿಗಳೂ ಮಂಗಳೂರಿನಲ್ಲಿ ಹೆಚ್ಚಾಗಿ ಕನ್ನಡ ಲಿಪಿಯಲ್ಲಿಯೇ ಬರೆಯಲ್ಪಡುತ್ತವೆ. ಒಳಮನೆಗಳು ಬೇರೆ ಬೇರೆ, ಚಾವಡಿ ಒಂದು. ಆ ಚಾವಡಿಯಲ್ಲಿ ಕುಳಿತು ಕನ್ನಡ ಎಷ್ಟು ಕೊಟ್ಟಿತೋ ಅದಕ್ಕಿಂತ ಹೆಚ್ಚನ್ನೇ ಪಡೆದಿದೆ. ಕನ್ನಡದ ಹಿರಿಮೆಯನ್ನು ಸಾರುವವರು ಈ ಸಾಲವನ್ನು ಮರೆಯಬಾರದು.

ಇನ್ನು ನನ್ನ ಆತಂಕವನ್ನು ಹೇಳಿ ಮುಗಿಸುತ್ತೇನೆ. ಹಳೆಯ ಅಳಿವೆಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಧಾನ ಬಂದರವೆಂದು ಘೋಷಿತವಾಯಿತು. ಅದಿರು, ಎಣ್ಣೆ, ಗೊಬ್ಬರಗಳು ಯಂತ್ರಗಳ ಮೂಲಕ ಏರಿಳಿಯುವ ಅಲ್ಲಿ ವರ್ತಕನೂ ಹಮಾಲನೂ ಒಬ್ಬರಿಗೊಬ್ಬರ ಭಾಷೆಯನ್ನು ಕಲಿಯಬೇಕಾದ ಅಗತ್ಯ ಹಿಂದಿನಷ್ಟಿಲ್ಲ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಅವು ಇದ್ದ ಜಾಗಗಳಲ್ಲಿ ಎತ್ತರದ ಕಟ್ಟಡಗಳೆದ್ದಿವೆ. ಅಂಗಳಕ್ಕೆ ಅಂಗಳ ತಾಗಿದ್ದ ಮನೆಗಳಲ್ಲಿ ಹಬ್ಬದ ತಿಂಡಿ ಬೇಲಿಯ ಮೇಲಿನಿಂದ ಕೈ ಬದಲಾಯಿಸುತ್ತಿತ್ತು. ಹತ್ತು ಅಂತಸ್ತಿನ ಕಟ್ಟಡದಲ್ಲಿ ಬೇಲಿಯೇ ಇಲ್ಲ, ಆದರೆ ಬಾಗಿಲುಗಳೆಲ್ಲ ಮುಚ್ಚಿವೆ. ಮಕ್ಕ‌ಳು ಶಾಲೆಯ ಇಂಗ್ಲಿಷಿನಲ್ಲಿಯೇ ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತಾರೆ. ಪಟ್ಟಣದ ಹೆಸರು ಆಗಾಗ ಮತೀಯ ಗಲಭೆಯ ಸುದ್ದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಜಗಳ ಇಲ್ಲಿ ಹೊಸದಲ್ಲವೆಂಬುದನ್ನು ಬತೂತನಿಂದಲೇ ತಿಳಿದೆವು. ಹೊಸದಾಗಿರುವುದು, ರಾಜಿಯನ್ನು ಅನಿವಾರ್ಯಗೊಳಿಸುತ್ತಿದ್ದ ಅಗತ್ಯ ಸಡಿಲವಾಗುತ್ತಿರುವುದು.

ಅಗತ್ಯ ಸಡಿಲವಾದಾಗ ನೆರೆಹೊರೆಯನ್ನು ಹಿಡಿದಿಡಬೇಕಾದದ್ದು ತಿಳಿವಳಿಕೆ. ಅದರ ಮೊದಲ ಮೆಟ್ಟಿಲು ಪಕ್ಕದವನ ಮಾತಿನ ಅರ್ಥ. ಆದ್ದರಿಂದಲೇ ನಾನು ಕೋಟೆಕೊತ್ತಳಗಳಿಗಿಂತ ನಿಘಂಟುಗಳನ್ನು ಈ ಪಟ್ಟಣದ ಮುಖ್ಯ ಸ್ಮಾರಕಗಳೆಂದು ಎಣಿಸುತ್ತೇನೆ. ಆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ ಎಂಬುದು ಸಮಾಧಾನದ ಸಂಗತಿ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ನೇತೃತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ಒಳಗೆ ಹೊರಬಂದವು. ಪಾಡ್ದನ ಹಾಡುವ ಹೆಂಗಸರ, ಉಳುವವರ, ಮೀನು ಹಿಡಿಯುವವರ ಬಾಯಿಮಾತುಗಳು ಅದರಲ್ಲಿ ಸೇರಿವೆ.

ನೀವು ಮಂಗಳೂರಿಗೆ ಹೋದರೆ ನನ್ನದೊಂದು ಸೂಚನೆಯಿದೆ. ಕದ್ರಿ, ಕುದ್ರೋಳಿ, ಮಿಲಾಗ್ರಿಸ್, ಅಲೋಶಿಯಸ್, ಬತ್ತೇರಿ ಎಲ್ಲವನ್ನೂ ನೋಡಿ. ಆದರೆ ಒಂದು ಬೆಳಗನ್ನು ಬಂದರದ ಧಕ್ಕೆಯಲ್ಲಿ, ಮೀನಿನ ಹರಾಜು ನಡೆಯುವಲ್ಲಿ, ಸುಮ್ಮನೆ ನಿಂತು ಕಿವಿಗೊಡುವುದಕ್ಕಾಗಿ ಬಿಡಿ. ಮೊಗವೀರ ಹೆಂಗಸು ತುಳುವಿನಲ್ಲಿ ಬೆಲೆ ಹೇಳುತ್ತಾಳೆ. ಬ್ಯಾರಿ ವ್ಯಾಪಾರಿ ಅದೇ ತುಳುವಿನಲ್ಲಿ ಚೌಕಾಸಿ ಮಾಡಿ, ತನ್ನ ಜತೆಯವನಿಗೆ ಬ್ಯಾರಿಯಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಕೊಂಕಣಿ ಗಿರಾಕಿ ಇಬ್ಬರ ಮಾತನ್ನೂ ಕೇಳಿಸಿಕೊಂಡು ನಗುತ್ತಾನೆ. ಚೀಟಿ ಬರೆಯುವವನು ಅದನ್ನು ಕನ್ನಡದಲ್ಲಿ ಬರೆಯುತ್ತಾನೆ. ಮೀನು ಎಂಬುದಕ್ಕೆ ಈ ಜನರಲ್ಲಿ ಯಾರು ಏನೆನ್ನುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಊರಿಗೆ ಮರಳುವಾಗ ಆ ಒಂದೆರಡು ಶಬ್ದಗಳು ನಿಮ್ಮೊಡನೆ ಬಂದಿದ್ದರೆ ನೀವು ಆ ಪಟ್ಟಣವನ್ನು ನೋಡಿದಂತೆ.